ದುಭಾಷಿಯ ನೆರವಿನಿಂದ ಆಟ

ವಿಂಡೋಸ್ ವ್ಯವಸ್ಥೆಗೆಂದೇ ರಚಿತವಾದ ಆಟವು ಲಿನಕ್ಸ್ ಇರುವ ಗಣಕಯಂತ್ರದಲ್ಲಿ ನಡೆಯುವುದು ಹೇಗೆಂದು ವಾಚಕರು ಕೇಳಬಹುದು. ಆಟದ ಲೆಕ್ಕಾಚಾರವನ್ನೆಲ್ಲ ಮಾಡುವುದು ಯಂತ್ರದ ಪ್ರೊಸೆಸರ್. ಅದಕ್ಕೆ ವಿಂಡೋಸ್ ಆದರೇನು, ಲಿನಕ್ಸ್ ಆದರೇನು? ಕಡತವನ್ನು ತೆರೆ, ಕೀಲಿಮಣೆಯನ್ನು ಗಮನಿಸು, ತೆರೆಯ ಮೇಲೆ ಚಿತ್ರ ಬರೆ ಎಂದು ಆಟವು ವ್ಯವಸ್ಥೆಯನ್ನು ಬೇಡುವಾಗ ಮಾತ್ರ ಭಾಷೆಯ ತೊಡಕು ಏಳುತ್ತದೆ. ಅಲ್ಲಿ ಒಬ್ಬ ದುಭಾಷಿ ನಿಂತರೆ ಸಾಕು. 1993ರಲ್ಲಿ ಆರಂಭವಾದ ‘ವೈನ್’ ಅಂಥ ದುಭಾಷಿ. (ಹೆಸರಿಗೂ ಮದ್ಯಕ್ಕೂ ಸಂಬಂಧವಿಲ್ಲ.)

ಚಿತ್ರ ಬರೆಯುವ ಬೇಡಿಕೆಗಳೇ ಎಲ್ಲಕ್ಕಿಂತ ಕಠಿನವಾಗಿದ್ದವು. ‘ನೀರ್: ಆಟೊಮಾಟ’ ಎಂಬ ಆಟವನ್ನು ಲಿನಕ್ಸಿನಲ್ಲಿ ಆಡಬೇಕೆಂಬ ಆಸೆಯಿಂದ ಫಿಲಿಪ್ ರೆಬೋಲೆ ಎಂಬವರು ‘ಡಿಎಕ್ಸ್‌ವಿಕೆ’ಯನ್ನು ರಚಿಸಿದರು. ಅದು ವಿಂಡೋಸಿನ ಡೈರೆಕ್ಟ್3ಡಿ ಬೇಡಿಕೆಗಳನ್ನು ವಲ್ಕನ್ ಎಂಬ ಭಾಷೆಗೆ ತಿರುಗಿಸುತ್ತದೆ. 2018ರ ಆಗಸ್ಟಿನಲ್ಲಿ ವಾಲ್ವ್ ಸಂಸ್ಥೆಯು ಇವೆರಡನ್ನೂ ಕೂಡಿಸಿ ‘ಪ್ರೋಟಾನ್’ ಎಂಬ ಹೆಸರಿನಿಂದ ಹೊರತಂದಿತು.

ಇಷ್ಟನ್ನೂ ಪ್ರತಿಯೊಂದು ಆಟಕ್ಕೆ ಕೈಯಾರೆ ಹೊಂದಿಸುವುದು ಸಾಮಾನ್ಯರ ಕೆಲಸವಲ್ಲ. ಅದಕ್ಕಾಗಿಯೇ ‘ಲುಟ್ರಿಸ್’, ‘ಹೀರೋಯಿಕ್’ ಮೊದಲಾದ ಲಾಂಚರುಗಳಿವೆ; ಇವುಗಳ ಮೂಲಸಂಕೇತ ಎಲ್ಲರಿಗೂ ಮುಕ್ತ. ಹೀರೋಯಿಕ್ ಎಪಿಕ್, ಜಿಒಜಿ, ಅಮೆಜಾನ್ ಅಂಗಡಿಗಳಲ್ಲಿ ಕೊಂಡ ಆಟಗಳನ್ನು ತರಿಸಿಕೊಡುತ್ತದೆ. ಲುಟ್ರಿಸಿನಲ್ಲಿ, ಆಟವನ್ನು ಅಳವಡಿಸುವ ಕ್ರಮವನ್ನು ಹಿಂದೆ ಆಡಿದವರೇ ಬರೆದಿಟ್ಟಿರುತ್ತಾರೆ. ವಿಂಡೋಸಿನ ‘ಸಿ’ ಡ್ರೈವಿನಂತೆಯೇ ಕಾಣುವ ಪ್ರತ್ಯೇಕ ಕೋಶವೊಂದನ್ನು ಲಾಂಚರು ಆಟಕ್ಕೆ ಕಟ್ಟಿಕೊಡುತ್ತದೆ. ಆಟವು ತನ್ನ ಮನೆಯಲ್ಲೇ ಇದ್ದೇನೆಂದು ಭಾವಿಸುತ್ತದೆ. ನಾವು ಹಳೆಯ ಆಟವೊಂದನ್ನು ತೆರೆದಾಗ ಚಿತ್ರವೆಲ್ಲ ಮೂಡಿ, ಅಕ್ಷರಗಳಿರಬೇಕಾದೆಡೆ ಬರಿಯ ಚೌಕಗಳು ಕಂಡವು. ಬೇಕಾದ ಫಾಂಟನ್ನು ಆ ಕೋಶಕ್ಕೆ ಸೇರಿಸಿದೊಡನೆ ಸರಿಹೋಯಿತು.

ಎಲ್ಲ ತೊಡಕುಗಳೂ ಇಷ್ಟು ಸುಲಭವಲ್ಲ. ಹಲವರು ಕೂಡಿ ಆಡುವ ಆಟಗಳಲ್ಲಿ ಮೋಸವನ್ನು ಹಿಡಿಯಲು ಕಾವಲು ತಂತ್ರಾಂಶವಿರುತ್ತದೆ. ಲಿನಕ್ಸಿನಲ್ಲಿ ಅದು ನಡೆಯಬೇಕೋ ಬೇಡವೋ ಎಂಬ ತೀರ್ಮಾನ ಆಟದ ಒಡೆಯರದು. ‘ಏಪೆಕ್ಸ್ ಲೆಜೆಂಡ್ಸ್’ ಲಿನಕ್ಸಿನಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಮೋಸಗಾರರು ಆ ದಾರಿಯಿಂದ ಬರುತ್ತಿದ್ದಾರೆಂಬ ಕಾರಣ ನೀಡಿ, 2024ರ ಅಕ್ಟೋಬರಿನಲ್ಲಿ ಒಡೆಯರು ಬಾಗಿಲು ಮುಚ್ಚಿದರು. ಮೋಸವೇನೂ ಮಾಡದ ಆಟಗಾರರೂ ಹೊರಗುಳಿದರು. ಲಾಂಚರಿನ ಸಂಕೇತವನ್ನು ಯಾರು ಬೇಕಾದರೂ ತಿದ್ದಬಹುದು, ಆಟದ ಸಂಕೇತವನ್ನಲ್ಲ. ಒಬ್ಬರೇ ಕುಳಿತು ಆಡುವ ಆಟಗಳಿಗೆ ಈ ಕಾಟ ಬಹುಮಟ್ಟಿಗೆ ಇಲ್ಲ. ಹೊಸಬರು ಅವುಗಳಿಂದಲೇ ತೊಡಗುವುದು ಲೇಸೆಂದು ನಮ್ಮ ಅಭಿಪ್ರಾಯ.