ಅಜ್ಜನ ಕರಡಿಗೆ ಮತ್ತು ‘ಫ್ಯಾಮಿಲಿ ಸಿಲ್ವರ್’

‘ಸೆಲ್ಲಿಂಗ್ ದಿ ಫ್ಯಾಮಿಲಿ ಸಿಲ್ವರ್’ ಎಂಬ ಮಾತು ಇಂಗ್ಲಿಷ್ ಪತ್ರಿಕೆಗಳ ತಲೆಬರಹಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತದೆ. ‘ಕುಟುಂಬದ ಬೆಳ್ಳಿ ಮಾರಾಟ’ ಎಂದು ಇದನ್ನು ಕನ್ನಡಿಸಿದ ವಿದ್ಯಾರ್ಥಿಗೆ ಶಬ್ದ ಸಿಕ್ಕಿದೆ, ಅರ್ಥ ಸಿಕ್ಕಿಲ್ಲ.

ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ಊಟದ ಚಮಚ, ತಟ್ಟೆ, ದೀಪದ ಕಂಬಗಳೆಲ್ಲ ಬೆಳ್ಳಿಯವು. ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದವು. ಬಸವನ ಬಾಗೇವಾಡಿ, ಸಿಂದಗಿ ಕಡೆಯ ಮನೆಗಳಲ್ಲಿ ಇದಕ್ಕೆ ಹತ್ತಿರದ್ದೆಂದರೆ ಅಜ್ಜನ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ, ಅಜ್ಜಿಯ ನಡುವಿನ ಡಾಬು. ತಕ್ಕಡಿಗೆ ಹಾಕಿದರೆ ಬೆಲೆ ಗೊತ್ತಾದೀತು, ಆದರೆ ತಕ್ಕಡಿಗೆ ಹಾಕಲು ಮನಸ್ಸು ಬರುವುದಿಲ್ಲ. ‘ವ್ಯಾಲ್ಯುಯಬಲ್ಸ್’ ಎಂದರೆ ಬೆಲೆಬಾಳುವ ಸಾಮಾನು ಅಷ್ಟೇ. ಬಸ್ಸಿನಲ್ಲಿ ಜೋಪಾನ ಮಾಡುವ ಕೈಗಡಿಯಾರವೂ ಅದರಲ್ಲಿ ಬಂತು. ‘ಫ್ಯಾಮಿಲಿ ಸಿಲ್ವರ್’ ಎಂದರೆ ಮನೆತನ ಉಳಿಸಿಕೊಂಡು ಬಂದದ್ದು.

ಈ ಮಾತಿಗೆ ರಾಜಕೀಯದ ಖಾರ ಹತ್ತಿದ್ದು 1985ರಲ್ಲಿ. ಬ್ರಿಟನ್ನಿನ ಮಾಜಿ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ತಮ್ಮದೇ ಪಕ್ಷದ ಥ್ಯಾಚರ್ ಸರಕಾರ ಸಾರ್ವಜನಿಕ ಉದ್ಯಮಗಳನ್ನು ಮಾರುತ್ತಿರುವುದನ್ನು ಕೈಸೋತ ಜಮೀನುದಾರನ ಮನೆಗೆ ಹೋಲಿಸಿದರು: ಮೊದಲು ಬೆಳ್ಳಿ ಹೋಗುತ್ತದೆ, ಆಮೇಲೆ ಕುರ್ಚಿ-ಮೇಜು, ಬಳಿಕ ಗೋಡೆಯ ಚಿತ್ರಪಟ. ಕೆಲವೇ ದಿನಗಳಲ್ಲಿ ಅವರೇ ಸ್ಪಷ್ಟನೆ ಕೊಟ್ಟರು: ಮಾರುವುದೇ ತಪ್ಪೆಂದಲ್ಲ, ಅಸಲನ್ನು ಆದಾಯವೆಂದು ತಿಳಿದು ಖರ್ಚು ಮಾಡುವುದು ತಪ್ಪು. 1991-92ರಿಂದ ನಮ್ಮ ಕೇಂದ್ರ ಸರಕಾರ ತನ್ನ ಉದ್ಯಮಗಳ ಶೇರು ಮಾರತೊಡಗಿದಾಗ ಟೀಕಾಕಾರರು ಇದೇ ಮಾತನ್ನು ಎತ್ತಿಕೊಂಡರು.

ಬಿತ್ತಲು ಇಟ್ಟ ಜೋಳವನ್ನು ಬೀಸಿ ರೊಟ್ಟಿ ಮಾಡಿ ಉಂಡ ಎಂದರೆ ನಮ್ಮ ರೈತನಿಗೆ ಇದರ ಅರ್ಥ ಥಟ್ಟನೆ ಹೊಳೆದೀತು.

ಆದರೆ ಇದು ದೂಷಣೆಯ ಮಾತು ಎಂಬುದು ನೆನಪಿರಲಿ. 1876-78ರ ಬರಗಾಲದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳು ಕಲಾದಗಿ ಜಿಲ್ಲೆಯಲ್ಲಿದ್ದವು. ಆಗ ಮುಂಬಯಿ ಪ್ರಾಂತದ ಬಡ ಜನ ಮಾರಿದ ಬೆಳ್ಳಿಯ ದಾಗೀನುಗಳು ರಾಶಿರಾಶಿಯಾಗಿ ಮುಂಬಯಿಯ ಟಂಕಸಾಲೆ ಸೇರಿ ಕರಗಿದವು. ಅಕ್ಷರಶಃ ಮನೆತನದ ಬೆಳ್ಳಿಯೇ ಅದು. ಹಾಗೆಂದು ಹಸಿದವರ ಬಗ್ಗೆ ಈ ನುಡಿಗಟ್ಟು ಬಳಸಿದರೆ ಗಾಯಕ್ಕೆ ಉಪ್ಪು ಸವರಿದಂತೆ.

ಹಾಗಾದರೆ ಮಗಳ ಕಾಲೇಜು ಫೀಗೆಂದು ತಾಯಿ ಪಾಟ್ಲಿ ಒತ್ತೆ ಇಟ್ಟರೆ? ಜೂನ್ ತಿಂಗಳು ಬಂತೆಂದರೆ ಎಷ್ಟೋ ಮನೆಗಳಲ್ಲಿ ಏಳುವ ಪ್ರಶ್ನೆ ಇದು. ಮ್ಯಾಕ್‌ಮಿಲನ್ ಲೆಕ್ಕದಲ್ಲಿ ಅದು ‘ಫ್ಯಾಮಿಲಿ ಸಿಲ್ವರ್’ ಮಾರಿದಂತಲ್ಲ. ಒಂದು ಆಸ್ತಿ ಇನ್ನೊಂದಾಗಿ ಬದಲಾಯಿತು, ಅಷ್ಟೇ. ಅದೇ ಪಾಟ್ಲಿ ಮದುವೆಯ ಮೆರವಣಿಗೆಯ ಬ್ಯಾಂಡಿಗೆ ಹೋದರೆ ಮಾತು ಸರಿಯಾಗಿ ಒಪ್ಪುತ್ತದೆ.

ಬರೆಯುವಾಗ ಎರಡು ಎಚ್ಚರ. ಈ ಅರ್ಥದಲ್ಲಿ ‘ಸಿಲ್ವರ್’ಗೆ ಬಹುವಚನವಿಲ್ಲ, ‘ಸಿಲ್ವರ್ಸ್’ ಎಂದರೆ ತಪ್ಪು. ‘ಫ್ಯಾಮಿಲಿ’ಯ ಹಿಂದೆ ‘ದಿ’ ಬಿಡಬಾರದು.