ಬೇಡ ಎಂದರೆ ಬರುವುದಿಲ್ಲವೇ? ಕರೆಂಟು ಯೋಜನೆಗಳೂ ಊರಿನ ಮಾತೂ

ಉಡುಪಿ ಜಿಲ್ಲೆಯ ಕಾಪು, ಪಡುಬಿದ್ರಿ ಕಡೆ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, ‘ಊರಿಡೀ ಬೇಡ ಎಂದರೆ ಯೋಜನೆ ಬರುವುದಿಲ್ಲ.’ ಇನ್ನೊಂದು, ‘ಎಲ್ಲ ಮೇಲೆಯೇ ತೀರ್ಮಾನವಾಗಿದೆ, ಸಭೆಗೆ ಹೋಗಿ ಏನು ಪ್ರಯೋಜನ?’ ಎರಡೂ ತಪ್ಪು.

ಯೋಜನೆಗೆ ಒಪ್ಪಿಗೆ ಕೊಡುವ ಮುನ್ನ ನಡೆಯುವ ಸಾರ್ವಜನಿಕ ಅಹವಾಲು ಸಭೆ ಮತದಾನವಲ್ಲ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಲ್ಲಿ ಕೋರಂ (ಕನಿಷ್ಠ ಹಾಜರಾತಿ) ಎಂಬುದೇ ಇಲ್ಲ. ಹತ್ತು ಜನ ಬಂದರೂ ಸಭೆ ನಡೆದಂತೆಯೇ. ಬಹಿಷ್ಕರಿಸಿ ಹೊರನಡೆದರೆ ಪತ್ರಿಕೆಯಲ್ಲಿ ಫೋಟೊ ಬಂದೀತು, ಹೇಳಬೇಕಾದ ಆಕ್ಷೇಪ ಮಾತ್ರ ನಡಾವಳಿಗೆ ಸೇರದೆ ಉಳಿಯುತ್ತದೆ. ಅಲ್ಲಿ ಹೇಳಿದ್ದೆಲ್ಲ ವಿಡಿಯೊ ಆಗುತ್ತದೆ, ದಾಖಲಾಗುತ್ತದೆ. ಅಂತಿಮ ಪರಿಸರ ವರದಿಯಲ್ಲಿ ಕಂಪನಿ ಅದಕ್ಕೆ ಉತ್ತರ ಕೊಡಬೇಕು. ದೊಡ್ಡ ಕಲ್ಲಿದ್ದಲು ಸ್ಥಾವರಕ್ಕೆ ಒಪ್ಪಿಗೆ ಕೊಡುವುದು ದೆಹಲಿಯ ಪರಿಸರ ಸಚಿವಾಲಯವಾದ್ದರಿಂದ, ಬರೆಯದ ಮಾತು ಅಲ್ಲಿಗೆ ತಲುಪುವುದೇ ಇಲ್ಲ.

ಪಡುಬಿದ್ರಿ ಸಮೀಪದ ನಂದಿಕೂರಿನ ಕಥೆಯೇ ಇದಕ್ಕೆ ಸಾಕ್ಷಿ. 1999ರ ಡಿಸೆಂಬರಿನಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ಇಲ್ಲಿನ ವಿದ್ಯುತ್ ಯೋಜನೆ ಬಿಟ್ಟು ಹೊರಟಾಗ ‘ಗೆದ್ದೆವು’ ಎಂದವರಿದ್ದರು. ಮುಂದಿನ ಹತ್ತು-ಹನ್ನೆರಡು ವರ್ಷಗಳಲ್ಲಿ ಪಕ್ಕದ ಎಲ್ಲೂರಿನಲ್ಲಿ 1,200 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಎದ್ದು ನಿಂತಿತು. ಆದರೂ ನಂದಿಕೂರಿನ ಜನಜಾಗೃತಿ ಸಮಿತಿ ಪಟ್ಟು ಬಿಡಲಿಲ್ಲ. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ಥಾವರಕ್ಕೆ ಸುಮಾರು 52 ಕೋಟಿ ರೂಪಾಯಿ ಪರಿಹಾರ ಕಟ್ಟಲು ಆದೇಶಿಸಿತು. ಘೋಷಣೆಗಿಂತ ಕಾಗದ ದೂರ ಹೋಗುತ್ತದೆ ಎನ್ನುವುದು ಅದಕ್ಕೇ.

‘ತಾಂತ್ರಿಕ ವಿಷಯ, ಮಣಿಪಾಲದ ಎಂಜಿನಿಯರುಗಳಿಗೆ ಬಿಡಿ’ ಎನ್ನುವವರೂ ಇದ್ದಾರೆ. ಆದರೆ ಸಮುದ್ರದ ನೀರಿನಿಂದ ತಣಿಯುವ ಎಲ್ಲೂರಿನ ಸ್ಥಾವರದ ಸುತ್ತ ಬಾವಿ ಉಪ್ಪಾಯಿತು, ಮಲ್ಲಿಗೆ ಗಿಡ ಸುಟ್ಟಿತು ಎಂದು ಮೊದಲು ದೂರಿದವರು ಕೃಷಿಕರು. ಅಳೆಯುವುದು ಎಂಜಿನಿಯರುಗಳ ಕೆಲಸ ನಿಜ, ಎಲ್ಲಿ ಅಳೆಯಬೇಕೆಂದು ತೋರಿಸುವವರು ಅಲ್ಲಿ ಬದುಕುವವರೇ.

ಇನ್ನು ಅತಿ ದೊಡ್ಡ ತಪ್ಪು ತಿಳಿವಳಿಕೆ: ಹೊಸ ‘ಹಸಿರು’ ತಂತ್ರಜ್ಞಾನಕ್ಕೆ ಜನರನ್ನು ಕೇಳಿಯೇ ಕೇಳುತ್ತಾರೆ ಎಂಬುದು. ಸೌರ ಫಲಕದ ಸ್ಥಾವರ, ಗಾಳಿಯಂತ್ರ, ಹೈಟೆನ್ಷನ್ ಲೈನು ಯಾವುದೂ 2006ರ ಆ ಅಧಿಸೂಚನೆಯ ಪಟ್ಟಿಯಲ್ಲಿಲ್ಲ. ಅವಕ್ಕೆ ಅಹವಾಲು ಸಭೆ ಕಡ್ಡಾಯವಲ್ಲ. ಕಾರ್ಕಳ ತಾಲೂಕಿನ ಇನ್ನಾದವರು ಉಡುಪಿ–ಕಾಸರಗೋಡು 400 ಕಿಲೋವೋಲ್ಟ್ ಮಾರ್ಗವನ್ನು ವಿರೋಧಿಸಿ ಬೀದಿಗಿಳಿಯಬೇಕಾದದ್ದು ಸುಮ್ಮನಲ್ಲ. ಲೈನು ಎಳೆಯುವವರ ಕೈಯಲ್ಲಿರುವುದು 1885ರ ಟೆಲಿಗ್ರಾಫ್ ಕಾಯ್ದೆಯಿಂದ ಬಂದ ಅಧಿಕಾರ. ಜಾಗ ನಿಮ್ಮ ಹೆಸರಿನಲ್ಲೇ ಇರುತ್ತದೆ, ಆದರೆ ತಂತಿಯ ಕೆಳಗೆ ತೆಂಗು ಬೆಳೆಸುವಂತಿಲ್ಲ! ಕೇಂದ್ರದ 2024ರ ಮಾರ್ಗಸೂಚಿ ಗೋಪುರದ ಅಡಿಯ ಜಾಗಕ್ಕೆ ಬೆಲೆಯ ಎರಡು ಪಟ್ಟು, ತಂತಿ ಹಾಯುವ ಪಟ್ಟಿಗೆ ಶೇ. 30 ಪರಿಹಾರ ಹೇಳುತ್ತದೆ. ಸಾಲದು ಎನಿಸಿದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು.

ಅಹವಾಲು ಸಭೆ ಕಡ್ಡಾಯವಿರುವ ಯೋಜನೆಗಾದರೆ, ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸು ಬರಬೇಕು, ವರದಿಯ ಕನ್ನಡ ಸಾರಾಂಶ ಪಂಚಾಯತಿಯಲ್ಲಿ ಸಿಗಬೇಕು. ಕೇಳಿ ಪಡೆಯಿರಿ. ಆಕ್ಷೇಪವನ್ನು ಬರೆದೇ ಕೊಡಿ, ಸ್ವೀಕೃತಿ ಪಡೆಯದೆ ಕಚೇರಿ ಬಿಟ್ಟು ಬರಬೇಡಿ.