ಕೋಲಾರದ ಕೆರೆ, ಬೆಟ್ಟ ನೋಡಲು ಹೊರಟಿರಾ?

ಶಾಲೆಗೆ ರಜೆ ಬಂತೆಂದರೆ ತಾಯಲೂರು ಸುತ್ತಲಿನ ಹಳ್ಳಿಗಳವರಿಗೆ ಒಂದು ದಿನದ ಪ್ರವಾಸಕ್ಕೆ ಕೋಲಾರ ಅನುಕೂಲವಾದ ಊರು. ಮುಳಬಾಗಿಲಿಗೆ ಬಂದು ಬಸ್ಸು ಹತ್ತಿದರಾಯಿತು. ಊರಂಚಿಗೆ ಕೋಲಾರಮ್ಮನ ಕೆರೆ, ಊರೊಳಗೆ ಕೋಲಾರಮ್ಮ ಮತ್ತು ಸೋಮೇಶ್ವರ ದೇವಾಲಯಗಳು, ಪಕ್ಕದಲ್ಲೇ ಶತಶೃಂಗ ಬೆಟ್ಟ, ಅದರ ಮಡಿಲಲ್ಲಿ ಅಂತರಗಂಗೆ. ದೇಹಕ್ಕೂ ಮನಸ್ಸಿಗೂ ಹಿತವಾದ ತಿರುಗಾಟವಿದು. ಹೊರಡುವ ಮುನ್ನ ಕೆಲವು ವಿಷಯಗಳು ತಿಳಿದಿರಲಿ.

ಮೆಟ್ಟಿಲು ಹತ್ತುವಾಗ

ಗಾಳಿ ತೆಳುವಾಗಿ ತೊಂದರೆ ಕೊಡುವುದು ಸಾಮಾನ್ಯವಾಗಿ 2,500 ಮೀಟರಿಗಿಂತ ಮೇಲೆ. ನಮ್ಮ ಬೆಟ್ಟ ಅಷ್ಟು ಎತ್ತರದ್ದಲ್ಲ. ಆದ್ದರಿಂದ ಇಲ್ಲಿ ಎದೆ ಬಿಗಿದರೆ, ತಣ್ಣನೆ ಬೆವರು ಬಂದರೆ ‘ಬೆಟ್ಟವಲ್ಲವೇ’ ಎಂದು ಸುಮ್ಮನಾಗಬೇಡಿ. ಅಲ್ಲೇ ಕುಳಿತು ಸಹಾಯ ಕೇಳಿ, ತಡಮಾಡದೆ ಆಸ್ಪತ್ರೆ ಸೇರಿ. ಬಿಸಿಲೇರುವ ಮುಂಚೆ ಹತ್ತುವುದು ಒಳ್ಳೆಯದು. ಸಕ್ಕರೆ ಕಾಯಿಲೆಯವರು ತಿಂಡಿ ತಪ್ಪಿಸಬಾರದು.

ತಿಳಿನೀರೆಲ್ಲ ಕುಡಿಯುವ ನೀರಲ್ಲ

ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಹರಿಯುತ್ತದೆ. ತೀರ್ಥವೆಂಬ ಭಕ್ತಿ ಇರಲಿ. ಆದರೆ ದಾಹಕ್ಕೆ, ಅದರಲ್ಲೂ ಮಕ್ಕಳಿಗೆ, ಮನೆಯಿಂದ ಕುದಿಸಿ ಆರಿಸಿದ ನೀರನ್ನೇ ಒಯ್ಯಿರಿ. ಜಿಲ್ಲೆಯ ಅನೇಕ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೊಳಚೆನೀರು ಸಂಸ್ಕರಣೆಗೊಂಡು ಹರಿದು ಬರುತ್ತಿದೆ. ಅದು ಅಂತರ್ಜಲ ಹೆಚ್ಚಿಸಲು ಬಿಟ್ಟ ನೀರು, ಕುಡಿಯಲು ಅಲ್ಲ. ಕೆರೆಯನ್ನು ದಡದಿಂದಲೇ ನೋಡಿ ಆನಂದಿಸಿ.

ಕೋಲಾರ ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡಿನ ಮಾತು ಬೇರೆ. ಕ್ರಿಮಿ ಒಂದೇ ಲೋಟ ನೀರಿನಿಂದ ವಾಂತಿಭೇದಿ ತರಬಲ್ಲದು. ಫ್ಲೋರೈಡ್ ಹಾಗಲ್ಲ, ವರ್ಷಗಟ್ಟಲೆ ಕುಡಿದವರ ಹಲ್ಲು, ಮೂಳೆಗಳನ್ನು ಕೆಡಿಸುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ದಿನವೂ ಕುಡಿಯಲು ತಕ್ಕದ್ದಲ್ಲ. ಮನೆಯ ನೀರನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ.

ಕೋತಿ ಕಚ್ಚಿದರೆ

ಅಂತರಗಂಗೆಯಲ್ಲಿ ಕೋತಿಗಳು ಹೇರಳ. ಮಕ್ಕಳ ಕೈಗೆ ಬಾಳೆಹಣ್ಣು, ಕಡಲೆಕಾಯಿ ಕೊಟ್ಟು ‘ತಿನ್ನಿಸು’ ಎನ್ನುವುದೇ ಅನೇಕ ಬಾರಿ ಕಡಿತಕ್ಕೆ ಮೂಲ. ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ನಾಯಿಯಿಂದ ಮಾತ್ರ ಬರುವುದಲ್ಲ. ಕೋತಿಯ ಕಡಿತ, ಪರಚಿದ ಗಾಯದಿಂದಲೂ ಬರಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವುದು ಹೆಚ್ಚುಕಡಿಮೆ ಅಸಾಧ್ಯ. ಮೊದಲೇ ಚಿಕಿತ್ಸೆ ಪಡೆದರೆ ತಡೆಯುವುದು ಸಾಧ್ಯ.

ಗಾಯವನ್ನು ಕೂಡಲೇ ಸೋಪು ಹಚ್ಚಿ, ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಸಿನ, ಮೆಣಸಿನಪುಡಿ ಹಚ್ಚಬೇಡಿ. ಬಟ್ಟೆ ಬಿಗಿದು ಕಟ್ಟಬೇಡಿ. ಅದೇ ದಿನ ಕೋಲಾರದ ಎಸ್.ಎನ್.ಆರ್. ಜಿಲ್ಲಾಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನದ ನಂತರ 3, 7 ಮತ್ತು 28ನೇ ದಿನ ಮತ್ತೆ ಚುಚ್ಚಿಸಿಕೊಳ್ಳಬೇಕು. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇನ್ನೊಂದು ಚುಚ್ಚುಮದ್ದೂ ಬೇಕಾಗುತ್ತದೆ. ವೈದ್ಯರನ್ನು ಕೇಳಿ ಪಡೆಯಿರಿ.

ಆಸ್ಪತ್ರೆಯ ಚೀಟಿ ಜೋಪಾನವಾಗಿರಲಿ. ಉಳಿದ ಚುಚ್ಚುಮದ್ದುಗಳಿಗೆ ಮತ್ತೆ ಕೋಲಾರಕ್ಕೇ ಬರಬೇಕಿಲ್ಲ, ನಿಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಗಾಯ ಮಾಯಿತೆಂದು ಮಾತ್ರ ಒಂದನ್ನೂ ಬಿಡಬೇಡಿ.